ಕಡಿಮೆ ದುಡ್ಡಿಗೆ ಮೈಸೂರು ಕಾಸು

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಹಳೇ ನಾಣ್ಯಗಳ ಬಗ್ಗೆ ಕೇಳಲು ಇಷ್ಟು ಜನ ಬಂದಿದ್ದೀರಿ, ತುಂಬ ಖುಷಿಯಾಯಿತು. ಸಂಬಳದಲ್ಲಿ ಮನೆ ನಡೆಸುವುದೇ ಕಷ್ಟ, ಈ ಹವ್ಯಾಸ ನಮ್ಮಂಥವರಿಗೆ ಆಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಖಂಡಿತ ಆಗುತ್ತದೆ. ಆದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಳ್ಳುವ ಹಾಗಿಲ್ಲ. ಒಂದು ವಿಷಯ ಹಿಡಿದುಕೊಳ್ಳಿ. ಅದನ್ನು ಮಾರುವವರಿಗಿಂತ ಚೆನ್ನಾಗಿ ಓದಲು ಕಲಿಯಿರಿ. ಅಗ್ಗಕ್ಕೆ ಒಳ್ಳೆ ಮಾಲು ಸಿಗುವುದು ಹಾಗೆ.

ಯಾವುದನ್ನು ಹಿಡಿಯಬೇಕು ಅಂದರೆ, ನಾನಂತೂ ಮೈಸೂರಿನ ತಾಮ್ರದ ಕಾಸು ಅನ್ನುತ್ತೇನೆ. ಬೆಳ್ಳಿ, ಚಿನ್ನದ ಬೆಲೆ ಎಲ್ಲರಿಗೂ ಗೊತ್ತು. ತಾಮ್ರದ ಕಡೆ ಅಷ್ಟಾಗಿ ಯಾರೂ ನೋಡುವುದಿಲ್ಲ. ಗುಜರಿ ಅಂಗಡಿಯಲ್ಲೋ, ಹಳೇ ಪಾತ್ರೆ ಅಂಗಡಿಯಲ್ಲೋ ಕಪ್ಪಗಾದ ಬಿಲ್ಲೆಗಳು ಒಂದು ಡಬ್ಬಿಯಲ್ಲಿ ಸುಮ್ನೆ ಬಿದ್ದಿರುತ್ತವೆ. ಹೆಚ್ಚಿನವು ಬ್ರಿಟಿಷರ ಕಾಲಾಣೆ, 1943ರಿಂದ 1947ರವರೆಗೆ ಬಂದ ತೂತಿನ ಕಾಸು. ಅವುಗಳ ನಡುವೆ ಒರಟಾದ, ಅಂಚು ಸರಿಯಿಲ್ಲದ ಒಂದು ಬಿಲ್ಲೆ ಕಂಡರೆ ತೆಗೆದು ಬೆಳಕಿಗೆ ಹಿಡಿಯಿರಿ.

ಇಲ್ಲೊಂದು ತಂದಿದ್ದೇನೆ, ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಒಂದು ಕಡೆ ಆನೆ, ಅದರ ಮೇಲೆ ಸೂರ್ಯ ಚಂದ್ರ. ಸೊಂಡಿಲು ಸವೆದಿದೆ, ಬೆನ್ನಿನ ಗೆರೆ ಮಾತ್ರ ಗಟ್ಟಿಯಾಗಿ ನಿಂತಿದೆ. ತಿರುಗಿಸಿದರೆ ಕನ್ನಡದಲ್ಲೇ ‘ಮಯಿಲಿ ಕಾಸು’ ಅಂತ ಇದೆ, ಜೊತೆಗೆ ೨೦ ಅನ್ನುವ ಅಂಕಿ. ಇಂಗ್ಲಿಷಿನಲ್ಲೂ ಬೆಲೆ ಹಾಕಿದ್ದಾರೆ. ಆಮೇಲಿನ ಕಾಸುಗಳಲ್ಲಿ ಆನೆಯ ಜಾಗಕ್ಕೆ ಸಿಂಹ ಬಂತು. ಕನ್ನಡ, ಇಂಗ್ಲಿಷ್, ಪರ್ಷಿಯನ್ ಮೂರೂ ಒಂದೇ ಬಿಲ್ಲೆಯ ಮೇಲೆ ಇರುವುದೂ ಉಂಟು. 1843ರಲ್ಲಿ ಮೈಸೂರು ಸಂಸ್ಥಾನದ ಟಂಕಸಾಲೆ, ಅಂದರೆ ನಾಣ್ಯ ಅಚ್ಚು ಹಾಕುವ ಜಾಗ, ನಿಂತುಹೋಯಿತು. ಮುಂಬೈಯ ವ್ಯಾಪಾರಿಗೆ ಈ ಕನ್ನಡ ಅಕ್ಷರ ಅರ್ಥವಾಗದ ಗೀಚು. ನಮಗೆ ಓದಲು ಬರುತ್ತದೆ ಅಲ್ವಾ? ದುಡ್ಡು ಕೊಟ್ಟರೂ ಸಿಗದ ಅನುಕೂಲ ಇದು.

ಟಿಪ್ಪುವಿನ ಆನೆ ಕಾಸು ಹಿಡಿಯಬೇಕಾದರೆ ಹತ್ತು ಪರ್ಷಿಯನ್ ಅಂಕಿಗಳನ್ನು ಕಲಿತರೆ ಸಾಕು, ಒಂದು ಸಂಜೆಯ ಕೆಲಸ. ಒಂದು ವಿಷಯ ಮಾತ್ರ ನೆನಪಿರಲಿ. ಪ್ರವಾದಿಯವರ ಜನನದಿಂದ ಎಣಿಸುವ ಅವನ ಮೌಲೂದಿ ವರ್ಷದ ನಾಣ್ಯಗಳಲ್ಲಿ ಅಂಕಿಯನ್ನು ಬಲದಿಂದ ಎಡಕ್ಕೆ ಓದಬೇಕು. 5121 ಅಂತ ಕಂಡರೆ ಅದು 1215, ಅಂದರೆ 1787ರ ಸುಮಾರು. ಟಂಕಸಾಲೆಯ ಹೆಸರೂ ಅದರ ಮೇಲೇ ಇರುತ್ತದೆ. ಪಟ್ಟನ್ ಅಂದರೆ ಶ್ರೀರಂಗಪಟ್ಟಣ, ನಗರ್ ಅಂದರೆ ನಮ್ಮ ಮಲೆನಾಡಿನ ಬಿದನೂರು.

ಬೆಳ್ಳಿ ರೂಪಾಯಿ ಬೇಕೇ ಬೇಕು ಅನ್ನುವವರಿಗೆ ಒಂದು ಮಾತು. ಐದನೇ ಜಾರ್ಜ್ ರೂಪಾಯಿ 11.66 ಗ್ರಾಂ ತೂಗುತ್ತದೆ, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. 1940ರಿಂದ 1945ರವರೆಗಿನದು ಅರ್ಧ ಮಾತ್ರ ಬೆಳ್ಳಿ. ಎರಡಕ್ಕೂ ಒಂದೇ ರೇಟು ಹೇಳಿದರೆ ಹಳೆಯದನ್ನು ಆರಿಸಿಕೊಳ್ಳಿ. ಹುಲಿ ಇರುವ 1947ರ ರೂಪಾಯಿ ಬೆಳ್ಳಿಯೇ ಅಲ್ಲ, ನಿಕ್ಕಲ್. ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಟಕ್ ಅಂತ ಅಂಟಿಕೊಳ್ಳುತ್ತದೆ.

ಇನ್ನು ಮೋಸದ ಮಾಲು. 1818, ಈಸ್ಟ್ ಇಂಡಿಯಾ ಕಂಪನಿ ಅಂತ ಬರೆದು ರಾಮ, ಸೀತೆ, ಆಂಜನೇಯನ ಚಿತ್ರ ಹಾಕಿದ ಬಿಲ್ಲೆ ಎಲ್ಲ ಜಾತ್ರೆಯಲ್ಲೂ ಸಿಗುತ್ತದೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದೆ ಅಂತ ನಂಬಿ ಅದಕ್ಕೇ ಲಕ್ಷ ಲಕ್ಷ ಸುರಿದು ಮನೆ ಕಳೆದುಕೊಂಡವರಿದ್ದಾರೆ. ನೋಡಿದರೆ ಸಂಕಟವಾಗುತ್ತದೆ, ದಯವಿಟ್ಟು ನಿಮ್ಮ ಮನೆಯವರಿಗೂ ಹೇಳಿ. ಹೊಯ್ಸಳರ ಚಿನ್ನದ ನಾಣ್ಯದ ವಿಷಯದಲ್ಲೂ ಹುಷಾರು. ವಿಷ್ಣುವರ್ಧನನ ಗದ್ಯಾಣದ ಮೇಲೆ ಕನ್ನಡದಲ್ಲಿ ‘ಶ್ರೀ ತಳಕಾಡುಗೊಂಡ’ ಅಂತ ಇದೆ, ಎಷ್ಟು ಹೆಮ್ಮೆಯ ವಿಷಯ! ಅದನ್ನು ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಸಾವಿರ ರೂಪಾಯಿಗೆ ಕೊಟ್ಟರೆ ನಂಬಬೇಡಿ. ಅದನ್ನು ಮ್ಯೂಸಿಯಂನಲ್ಲಿ ನೋಡಿ ಸಂತೋಷಪಡೋಣ.

ಚೌಕಾಸಿ ಮಾಡುವಾಗ ನಿಮಗೆ ಬೇಕಾದ ಒಂದನ್ನೇ ಎತ್ತಿ ಹಿಡಿದು ಬೆಲೆ ಕೇಳಬೇಡಿ. ನಾಲ್ಕೈದು ಸೇರಿಸಿ ಗುಡ್ಡೆ ಲೆಕ್ಕದಲ್ಲಿ ಕೇಳಿ. ಮನೆಗೆ ತಂದಮೇಲೆ ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಲೇಬೇಡಿ! ನೂರಾರು ವರ್ಷದಲ್ಲಿ ಕೂತ ಕಂದು ಬಣ್ಣವೇ ಅದರ ಬೆಲೆ. ಮಣ್ಣು ಮೆತ್ತಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ಒರೆಸದೆ ಆರಲು ಬಿಡಿ. ಸಕಲೇಶಪುರದ ಕಡೆಯವರು ಮಳೆಗಾಲದಲ್ಲಿ ಇನ್ನೂ ಹುಷಾರಾಗಿರಬೇಕು. ತೇವಕ್ಕೆ ತಾಮ್ರ ಹಸಿರು ಹಿಡಿಯುತ್ತದೆ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಬಿಸಾಡದೆ ನಾಣ್ಯದ ಡಬ್ಬಿಗೆ ಹಾಕಿಡಿ. ಮೆತ್ತನೆಯ ಪಿವಿಸಿ ಕವರ್ ಬೇಡ, ಕಾಗದದ ಲಕೋಟೆ ಸಾಕು. ಮೇಲೆ ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡಿರಿ ಅಂತ ಬರೆಯಿರಿ.

ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯ ಸಿಕ್ಕಿತು ಅಂತ ಯಾರಾದರೂ ತಂದರೆ ಕೊಳ್ಳಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಅಂತ ಕಾನೂನಿದೆ. ಅವರಿಗೆ ಜಿಲ್ಲಾಧಿಕಾರಿಗಳ ಕಚೇರಿಯ ದಾರಿ ತೋರಿಸಿ.

ತಂದಿರುವ ಕಾಸುಗಳನ್ನು ಈ ಮೇಜಿನ ಮೇಲೆ ಹರಡುತ್ತೇನೆ. ಮಕ್ಕಳು ಮೊದಲು ಬನ್ನಿ. ಅಂಚು ಹಿಡಿದು ಎತ್ತಿ, ಮೇಲೆ ಬರೆದಿರುವುದನ್ನು ನೀವೇ ಓದಿ ಹೇಳಿ.