ಹಳೆ ಯಂತ್ರಕ್ಕೆ ಎಷ್ಟು ರಿಯಾಯಿತಿ ಕೊಡಬೇಕು?

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಈ ಬಿಸಿಲಲ್ಲೂ ಇಷ್ಟು ಮಂದಿ ಚೆಸ್ ಬಗ್ಗೆ ಕೇಳೋಕೆ ಬಂದಿದ್ದೀರಿ, ಖುಷಿಯಾಯಿತು. ಮೇಜಿನ ಮೇಲಿರುವುದು ನೋವಾಗ್ ಸೂಪರ್ ಕಾನ್‌ಸ್ಟಲೇಷನ್, 1984ರ ಚೆಸ್ ಕಂಪ್ಯೂಟರ್. ಹಾಂಗ್‌ಕಾಂಗ್ ಕಂಪನಿಯದು, ಪ್ರೋಗ್ರಾಂ ಡೇವಿಡ್ ಕಿಟಿಂಜರ್ ಅವರದು. ಒಳಗಿರುವುದು ಆಪಲ್ 2 ಅನ್ನುವ ಹಳೆ ಕಂಪ್ಯೂಟರ್‌ನಲ್ಲಿದ್ದ 6502 ಜಾತಿಯ ಚಿಪ್, ವೇಗ 4 ಮೆಗಾಹರ್ಟ್ಸ್. ಎದುರಿಗೆ ಲ್ಯಾಪ್‌ಟಾಪ್, ಅದರಲ್ಲಿ ಸ್ಟಾಕ್‌ಫಿಶ್ ಅನ್ನುವ ಈಗಿನ ಚೆಸ್ ಪ್ರೋಗ್ರಾಂ.

ಯಾರು ಗೆಲ್ಲುತ್ತಾರೆ ಅಂತ ಕೇಳಬೇಡಿ, ಅದು ಎಲ್ಲರಿಗೂ ಗೊತ್ತು. ಆಟ ನೋಡುವ ಹಾಗಿರಬೇಕಾದರೆ ಹೊಸದರ ಕೈ ಹೇಗೆ ಕಟ್ಟಬೇಕು ಅನ್ನುವುದು ನನ್ನ ಪ್ರಶ್ನೆ.

ಸ್ಟಾಕ್‌ಫಿಶ್‌ನಲ್ಲಿ 0ಯಿಂದ 20ರವರೆಗೆ ಸ್ಕಿಲ್ ಲೆವೆಲ್ ಇದೆ. ಸುಮಾರು ಜನ ಅದನ್ನೇ ಇಳಿಸುತ್ತಾರೆ. ನನಗದು ಹಿಡಿಸುವುದಿಲ್ಲ. ಲೆವೆಲ್ ಇಳಿಸಿದರೆ ಅದು ಒಳ್ಳೆ ನಡೆ ಕಂಡರೂ ಆಗಾಗ ಬೇಕಂತಲೇ ಬಿಟ್ಟು ಕೆಟ್ಟದ್ದು ಆಡುತ್ತದೆ. ಅದರ ಮೇಲೆ ಗೆದ್ದು ಏನು ಬಂತು? ಅದರ ಬದಲು ನಡೆಗೆ ಇಷ್ಟೇ ಪೊಸಿಷನ್, ಅಂದರೆ ಹಲಗೆಯ ಮೇಲೆ ಕಾಯಿಗಳು ನಿಲ್ಲಬಹುದಾದ ಇಷ್ಟೇ ಸ್ಥಿತಿ, ನೋಡು ಅಂತ ಮಿತಿ ಹಾಕಿ. ಆಗ ಅದು ಪ್ರಾಮಾಣಿಕವಾಗಿ ಆಡುತ್ತದೆ, ನೋಡುವುದು ಮಾತ್ರ ಕಡಿಮೆ.

ಹಾಗೆ ಕಟ್ಟಿದರೂ ಅದು ಗಟ್ಟಿಯೇ. ವೇಗವೊಂದೇ ಕಾರಣ ಅಲ್ವಾ ಅಂದುಕೊಂಡಿದ್ದರೆ, 1997ನ್ನು ನೆನಪಿಸಿಕೊಳ್ಳಿ. ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಪೊಸಿಷನ್ ನೋಡುತ್ತಿತ್ತು. ಈ ಲ್ಯಾಪ್‌ಟಾಪ್ ಅಷ್ಟು ನೋಡುವುದೇ ಇಲ್ಲ. ಆದರೂ ಇದರ ಆಟ ಡೀಪ್ ಬ್ಲೂಗಿಂತ ಮೇಲು. ಯಾವ ನಡೆಯನ್ನು ಮುಂದೆ ನೋಡುವುದೇ ಬೇಡ ಅಂತ ಇದು ಬೇಗ ತೀರ್ಮಾನಿಸುತ್ತದೆ. 2020ರಲ್ಲಿ ಬಂದ ಸ್ಟಾಕ್‌ಫಿಶ್ 12ಕ್ಕೆ ಉದಾಹರಣೆ ನೋಡಿ ಕಲಿಯುವ ನ್ಯೂರಲ್ ನೆಟ್‌ವರ್ಕ್ ಕೂಡ ಸೇರಿತು. ಮೊದಲು ಜಪಾನಿನ ಶೋಗಿ ಆಟಕ್ಕೆ ಮಾಡಿದ ಉಪಾಯ ಅದು. ಹಲಗೆಯ ಮೇಲೆ ಯಾರದು ಮೇಲುಗೈ ಅಂತ ಅಳೆಯುವ ಕಣ್ಣು ಅದರಿಂದ ಚುರುಕಾಯಿತು.

ಹಳೆಯದು ಎಡವುವ ರೀತಿ ನೋಡಬೇಕು. ಅದಕ್ಕೆ ಕೆಲವೇ ನಡೆ ಮುಂದೆ ಕಾಣುತ್ತದೆ. ಕುದುರೆ ಹೋಗುತ್ತದೆ ಅಂತ ಗೊತ್ತಾದಾಗ ಸುಮ್ನೆ ಒಂದು ಚೆಕ್ ಕೊಡುತ್ತದೆ, ಒಂದು ಕಾಲಾಳನ್ನು ಎದುರಿಗೆ ತಳ್ಳುತ್ತದೆ. ಆಗ ನಷ್ಟ ಅದರ ಕಣ್ಣಳತೆಯಾಚೆ ಸರಿಯುತ್ತದೆ. ತಪ್ಪಿತು ಅಂತ ಯಂತ್ರ ನಂಬುತ್ತದೆ! ಬಡ್ಡಿ ಕಟ್ಟಿ ಅಸಲು ಮುಂದೂಡಿದ ಹಾಗೆ. ಕಾಲಾಳೂ ಹೋಗುತ್ತದೆ, ಕುದುರೆಯೂ ಹೋಗುತ್ತದೆ. ಹಾರಿಜಾನ್ ಎಫೆಕ್ಟ್ ಅನ್ನುವುದು ಇದಕ್ಕೇ.

ಹಾಗಂತ ಇದು ಪುಕ್ಕಲು ಯಂತ್ರ ಅಲ್ಲ. ಗೆಲುವು ಲೆಕ್ಕಕ್ಕೆ ಸಿಗದಿದ್ದರೂ ಕಾಯಿ ಬಲಿ ಕೊಟ್ಟು ದಾಳಿಗೆ ಇಳಿಯುವುದಕ್ಕೇ ಇದು ಹೆಸರಾಗಿತ್ತು. ಎದುರಿಗೆ ಮನುಷ್ಯ ಕೂತಿದ್ದರೆ ಗಾಬರಿಯಾಗುತ್ತಾನೆ. ಸ್ಟಾಕ್‌ಫಿಶ್‌ಗೆ ಗಾಬರಿ ಇಲ್ಲ, ಕಾಯಿ ತಿಂದು ಕೂರುತ್ತದೆ. ನನಗೆ ಈ ಹಳೆಯದರ ಮೇಲೇ ಜಾಸ್ತಿ ಪ್ರೀತಿ.

ಈಗ ಶುರು ಮಾಡೋಣ. ಬಿಳಿ ಕಾಯಿ ಹಳೆಯದಕ್ಕೆ, ನಡೆಗೆ ಸುಮಾರು 3 ನಿಮಿಷ. ಸ್ಟಾಕ್‌ಫಿಶ್‌ಗೆ ನಡೆಗೆ 1000 ಪೊಸಿಷನ್, ಅಷ್ಟೇ. 3 ನಿಮಿಷದಲ್ಲಿ ಹಳೆಯದು ಅದಕ್ಕಿಂತ ಎಷ್ಟೋ ಜಾಸ್ತಿ ನೋಡಿರುತ್ತದೆ, ಇದು ನೆನಪಿರಲಿ. ಒಬ್ಬರು ಬಂದು ಇಲ್ಲಿ ಕೂತುಕೊಳ್ಳಿ. ಕಾಯಿ ಎತ್ತುವ ಮನೆಯನ್ನೂ ಇಡುವ ಮನೆಯನ್ನೂ ಗಟ್ಟಿಯಾಗಿ ಒತ್ತಬೇಕು, ಇಲ್ಲದಿದ್ದರೆ ಅದಕ್ಕೆ ನಡೆ ತಿಳಿಯುವುದಿಲ್ಲ. ಇನ್ನೊಬ್ಬರು ಪ್ರತಿ ನಡೆಯನ್ನೂ ಹಾಳೆಯ ಮೇಲೆ ಬರೆದುಕೊಳ್ಳಿ. ಕರೆಂಟ್ ಹೋದರೂ ಆಟ ಉಳಿಯಬೇಕಲ್ಲ. ವಿದ್ಯುತ್ ಸ್ಥಾವರ ಇರುವ ಶಕ್ತಿನಗರದಿಂದ ಬಂದವರು ನಗಬೇಡಿ.