ಸಲಹಾ ಪತ್ರ ತೋಟದವರೆಗೆ ತಲುಪಿತಾ? ಅಳೆಯೋದು ಹೇಗೆ

[ದೃಶ್ಯ: ಅಡಿಕೆ ತೋಟದ ಅಂಚು. ಪ್ಲಾಸ್ಟಿಕ್ ಡ್ರಮ್‌ನಲ್ಲಿ ನೀಲಿ ದ್ರಾವಣ ಕಲಕುತ್ತಿರುವ ಕೈ.]

ನಮಸ್ಕಾರ. ಅಡಿಕೆ ಬೆಳೆಗಾರರಿಗೆ ನೀವು ತಿಂಗಳಿಗೊಂದು ಸಲಹಾ ಪತ್ರ ಕಳಿಸ್ತೀರಿ ಅಂತ ಇಟ್ಟುಕೊಳ್ಳಿ. ಮೇ ಸಂಚಿಕೆಯಲ್ಲಿ ಕಾಯಿ ಕೊಳೆತು ಉದುರೋ ಕೊಳೆರೋಗ, ಅದನ್ನ ತಡೆಯೋಕೆ ಸಿಂಪಡಿಸೋ ಬೋರ್ಡೋ ದ್ರಾವಣದ ವಿಷಯ ಇತ್ತು. ವರ್ಷದ ಕೊನೆಗೆ "ಪತ್ರ ಉಪಯೋಗ ಆಯ್ತಾ?" ಅಂತ ಕೇಳಿದರೆ ಹೆಚ್ಚಿನವರು "ಆಯ್ತು" ಅಂತಲೇ ಹೇಳ್ತಾರೆ. ಪುಕ್ಕಟೆ ಕಳಿಸಿದವರೇ ಎದುರಿಗೆ ಕೂತು ಕೇಳುವಾಗ "ಇಲ್ಲ" ಅನ್ನೋಕೆ ಯಾರಿಗೂ ಮನಸ್ಸು ಬರಲ್ಲ. ಆ ಉತ್ತರ ಹಿಡಿದುಕೊಂಡು ಮುಂದಿನ ಮೇ ಸಂಚಿಕೆಯ ಒಂದು ಸಾಲನ್ನೂ ತಿದ್ದೋಕಾಗಲ್ಲ.

ಹಾಗಾದರೆ ಇಳುವರಿ ನೋಡೋಣವಾ? ಅದೂ ಬೇಡ. ಕೊಳೆರೋಗ ತರೋ ಫೈಟಾಫ್ತೊರಾ ಅನ್ನೋ ರೋಗಾಣು ಹರಡೋದು ಸತತ ಮಳೆ, ಆರದ ತೇವ ಇದ್ದಾಗ. ಮಳೆ ಬಿಡುವು ಕೊಟ್ಟು ಬಂದ ವರ್ಷ ಪತ್ರ ತೆರೆಯದವರ ಗೊನೆಯೂ ಉಳಿಯುತ್ತೆ. ಜಡಿಮಳೆ ಹಿಡಿದ ವರ್ಷ ಎಲ್ಲ ಸರಿಯಾಗಿ ಮಾಡಿದವರಿಗೂ ನಷ್ಟ ಆಗುತ್ತೆ. ಇಳುವರಿಯಲ್ಲಿ ಕಾಣೋದು ಮಳೆಯ ಲೆಕ್ಕ.

ಅಳೆಯಬೇಕಾದ್ದು ಕೆಲಸವನ್ನ. ಸಲಹೆಯನ್ನ ಕೆಲಸಗಳಾಗಿ ಒಡೆದು ಬರೆದುಕೊಳ್ಳಿ.

[ಪರದೆಯ ಮೇಲೆ: 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್) + 1 ಕೆಜಿ ಸುಣ್ಣ + 100 ಲೀಟರ್ ನೀರು]

ಶೇ 1ರ ಬೋರ್ಡೋಗೆ 1 ಕೆಜಿ ಮೈಲುತುತ್ತನ್ನ 50 ಲೀಟರ್ ನೀರಲ್ಲಿ, 1 ಕೆಜಿ ಸುಣ್ಣವನ್ನ ಇನ್ನೊಂದು 50 ಲೀಟರಲ್ಲಿ ಕರಗಿಸಬೇಕು. ಪಾತ್ರೆ ಕಬ್ಬಿಣದ್ದಾಗಿರಬಾರದು, ಪ್ಲಾಸ್ಟಿಕ್‌ದು ಆಗುತ್ತೆ. ಮೈಲುತುತ್ತಿನ ನೀರನ್ನ ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕಬೇಕು. ಆಮೇಲೆ ಉಜ್ಜಿ ಹೊಳೆಯುವಂತೆ ಮಾಡಿದ ಕಬ್ಬಿಣದ ಚಾಕುವನ್ನ ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣದ ಜೊತೆ ಸೇರದ ತಾಮ್ರ ಉಳಿದಿದೆ ಅಂತ ಅರ್ಥ. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತೆ. ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಎರಡನೆಯದು 40ರಿಂದ 45 ದಿನಕ್ಕೆ.

ಇದರಲ್ಲಿ ಆರು ಪ್ರಶ್ನೆ ಸಿಗುತ್ತೆ: ಪ್ರಮಾಣ, ಪಾತ್ರೆ, ಸುರಿದ ಕ್ರಮ, ಚಾಕು, ಮೊದಲ ಸಲದ ದಿನ, ಎರಡನೇ ಸಲದ ದಿನ. ಮಾಡಿದ್ದಕ್ಕೆ 1, ಮಾಡದ್ದಕ್ಕೆ 0. ಒಟ್ಟನ್ನ 6ರಿಂದ ಭಾಗಿಸಿ 100ರಿಂದ ಗುಣಿಸಿದರೆ ಒಬ್ಬರ ಅಳವಡಿಕೆ ಸೂಚ್ಯಂಕ. ಆದರೆ ಸರಾಸರಿ ನೋಡಿ ಸುಮ್ಮನಾಗಬೇಡಿ, ಪ್ರಶ್ನೆವಾರು ನೋಡಿ. ಪ್ರಮಾಣ ಎಲ್ಲರಿಗೂ ಬಾಯಿಪಾಠ, ಚಾಕು ಮಾತ್ರ ಯಾರೂ ಅದ್ದಲ್ಲ ಅಂತಾದರೆ, ಪ್ರತಿ ವರ್ಷ ಪ್ರಮಾಣವನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿ ಏನು ಬಂತು?

ಕೇಳುವ ರೀತಿಯೂ ಮುಖ್ಯ. "ಚಾಕು ಪರೀಕ್ಷೆ ಮಾಡಿದ್ರಾ?" ಅಂದರೆ ಉತ್ತರವನ್ನ ನೀವೇ ಬಾಯಿಗೆ ಇಟ್ಟ ಹಾಗೆ. "ದ್ರಾವಣ ಸರಿಯಾಗಿದೆ ಅಂತ ಹೇಗೆ ನೋಡಿದ್ರಿ?" ಅಂತ ಕೇಳಿ ಸುಮ್ಮನಿರಿ. ಆಗೋದಾದರೆ ಡ್ರಮ್ ತೋರಿಸಿ ಅನ್ನಿ. ದಿನಾಂಕ ನೆನಪಿಲ್ಲದಿದ್ದರೆ ಮೈಲುತುತ್ತು ತಂದ ಬಿಲ್ಲು ಇರುತ್ತೆ.

ಇನ್ನು ಯಾರನ್ನ ಕೇಳೋದು? ಪಟ್ಟಿಯಲ್ಲಿ 1200 ಹೆಸರಿದ್ದರೆ, ಉತ್ತರ ಶೇ 10ರಷ್ಟು ಆಚೀಚೆ ಆದರೂ ಪರವಾಗಿಲ್ಲ ಅಂದರೆ, ಎಷ್ಟು ಮಂದಿಯನ್ನ ಕೇಳಬೇಕು ಅಂತ ಲೆಕ್ಕ ಹಾಕೋ ಯಮಾನೆ ಸೂತ್ರದಲ್ಲಿ 93 ಮಂದಿ ಬೇಕು. 1ರಿಂದ 12ರೊಳಗೆ ಚೀಟಿ ಎತ್ತಿ, ಆ ಸಂಖ್ಯೆಯಿಂದ ಶುರು ಮಾಡಿ ಪ್ರತಿ 12ನೇ ಹೆಸರು ಆರಿಸಿ, 100 ಮಂದಿ ಸಿಗ್ತಾರೆ. ಫೋನ್ ಎತ್ತದವರಿಗೆ ಬೆಳಿಗ್ಗೆ, ಊಟದ ಹೊತ್ತಿಗೆ, ಸಂಜೆ ಮತ್ತೆ ಮಾಡಿ. ಸಿಗಲಿಲ್ಲ ಅಂತ ಪರಿಚಯದವರನ್ನ ಸೇರಿಸಬೇಡಿ. ಮೊದಲ ಕರೆಗೇ ಸಿಕ್ಕಿ ಅರ್ಧ ಗಂಟೆ ಮಾತಾಡುವವರು ಸಾಮಾನ್ಯವಾಗಿ ಪತ್ರ ಇಷ್ಟಪಡುವವರೇ.

[ಪರದೆಯ ಮೇಲೆ: ಊರುಗಳ ಹೆಸರಿನ ಚೀಟಿಗಳು ಎರಡು ಡಬ್ಬಕ್ಕೆ]

ಚಾಕು ಅದ್ದಿದವರೆಲ್ಲ ನಿಮ್ಮ ಪತ್ರ ಓದಿಯೇ ಅದ್ದಿದರಾ? ಪಕ್ಕದ ಮನೆಯವರು ಹೇಳಿರಬಹುದು, ಅಪ್ಪ ಕಲಿಸಿರಬಹುದು. ಇದನ್ನ ಬೇರ್ಪಡಿಸೋಕೆ ಊರುಗಳನ್ನ ಚೀಟಿ ಎತ್ತಿ ಎರಡು ಪಾಲು ಮಾಡಿ. ಚಾಕು ಪರೀಕ್ಷೆಯ ಲೇಖನ ಒಂದು ಪಾಲಿಗೆ ಮೇನಲ್ಲಿ, ಇನ್ನೊಂದಕ್ಕೆ ಜೂನ್ ಕೊನೆಗೆ ಹೋಗಲಿ. ಎರಡನೇ ಸಿಂಪಡಣೆಗೆ ಅವರಿಗೂ ಸಿಗುತ್ತೆ. ಈ ಚಾಕುವಿನ ಸಮೀಕ್ಷೆ ಮಾತ್ರ ಎರಡನೇ ಪಾಲಿಗೆ ಲೇಖನ ಹೋಗುವ ಮುಂಚೆಯೇ ಮುಗಿಯಬೇಕು. ಊರು ಊರಾಗಿಯೇ ಹಂಚಿ; ಒಂದೇ ಊರಲ್ಲಿ ಹಂಚಿದರೆ ವಾಟ್ಸಾಪ್‌ನಲ್ಲಿ ಅದೇ ಸಂಜೆ ಎಲ್ಲರಿಗೂ ತಲುಪಿರುತ್ತೆ.

ಉದಾಹರಣೆಗೆ ಮೊದಲ ಪಾಲಲ್ಲಿ ಶೇ 40, ಎರಡನೆಯದರಲ್ಲಿ ಶೇ 25 ಮಂದಿ ಚಾಕು ಅದ್ದಿದ್ದಾರೆ ಅನ್ನಿ. ಪತ್ರದಿಂದ ಹೆಚ್ಚಿದ್ದು 15 ಶೇಕಡಾ ಅಂಶ. ಕೇಳಿದ್ದು 50-50 ಮಂದಿಯನ್ನಾದರೆ ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. 100-100 ಇದ್ದರೆ ನಂಬಿಕೆ ಬರುತ್ತೆ. ಒಂದೇ ಊರಿನವರು ಒಂದೇ ಥರ ಮಾಡೋದರಿಂದ, ಊರಿಗೆ ಹೆಚ್ಚು ಮಂದಿ ಕೇಳೋದಕ್ಕಿಂತ ಹೆಚ್ಚು ಊರು ಸೇರಿಸೋದು ಒಳ್ಳೇದು.

ಎರಡು ವಿಷಯ ಹೆಚ್ಚಿನ ಸಮೀಕ್ಷೆಗಳು ಕೇಳೋದೇ ಇಲ್ಲ. ಒಂದು, ಪತ್ರ ಕೈಗೆ ಬಂದ ದಿನ. ಕರಾವಳಿಗೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರ ಬರುತ್ತೆ. ಮರ ಹತ್ತುವವರನ್ನ ಅದಕ್ಕೂ ಮುಂಚೆಯೇ ಗೊತ್ತು ಮಾಡಿರಬೇಕು. ಮೇ 28ಕ್ಕೆ ಕೈ ಸೇರಿದ ಪತ್ರ ಎಷ್ಟೇ ಚೆನ್ನಾಗಿದ್ದರೂ ಮೊದಲ ಸಿಂಪಡಣೆಗೆ ದಕ್ಕಲ್ಲ.

ಇನ್ನೊಂದು, "ಮದ್ದು ಬೆರೆಸಿದ್ದು ಯಾರು?" ಪತ್ರ ಹೋಗೋದು ಯಜಮಾನರ ಹೆಸರಿಗೆ, ಡ್ರಮ್ ಮುಂದೆ ನಿಲ್ಲೋದು ಕೆಲಸದವರು. ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಬಂದರೆ ಲೇಖನವನ್ನ ಎಷ್ಟು ಸರಳ ಮಾಡಿದರೂ ಚಾಕುವಿನ ಅಂಕ ಏರಲ್ಲ. ಚಿತ್ರ ಇರುವ, ನೀರಿಗೆ ನೆನೆಯದ ಒಂದು ಚೀಟಿಯನ್ನ ಏಪ್ರಿಲ್ ಸಂಚಿಕೆ ಜೊತೆ ಕಳಿಸಿ, ಡ್ರಮ್‌ಗೆ ಅಂಟಿಸೋಕೆ ಹೇಳಿ. ಮುಂದಿನ ಸಮೀಕ್ಷೆಯಲ್ಲಿ ಅದೇ ಆರು ಪ್ರಶ್ನೆಗಳನ್ನ ಮದ್ದು ಬೆರೆಸಿದವರನ್ನೇ ಕೇಳಿ.