ಕಿತ್ತಳೆ ಎಲೆ ಮತ್ತು ಹತ್ತು ಕ್ಯಾಂಪಸ್

ಎಲ್ಲರಿಗೂ ನಮಸ್ಕಾರ. ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ನನ್ನ ಮಾತು ಕೇಳದಿದ್ದರೆ ಕೈ ಎತ್ತಿ. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಹಾಗಾಗಿ ಸ್ಲೈಡು ಗೀಡು ಏನೂ ತಂದಿಲ್ಲ. ತಂದಿರುವುದು ಇದೊಂದು ಪ್ಲಾಸ್ಟಿಕ್ ಕವರ್. ಒಳಗೆ ನಮ್ಮ ಮನೆ ಹಿಂದಿನ ಕಿತ್ತಳೆ ಮರದ ಎರಡು ಎಲೆ ಇದೆ. ಒಬ್ಬರಿಂದ ಒಬ್ಬರಿಗೆ ದಾಟಿಸಿ. ಕವರ್ ಮಾತ್ರ ಬಿಚ್ಚಬೇಡಿ.

ಎಲೆಯ ನಡುವಿನ ನರದ ಎಡಗಡೆ ನೋಡಿ, ಆಮೇಲೆ ಬಲಗಡೆ ನೋಡಿ. ಹಳದಿ ಎರಡೂ ಕಡೆ ಒಂದೇ ಥರ ಇದ್ದರೆ ಸತುವಿನ ಕೊರತೆ ಇರಬಹುದು, ಜಿಂಕ್ ಹೊಡೆದರೆ ಸರಿಹೋಗುತ್ತದೆ. ಇಲ್ಲಿ ಹಾಗಿಲ್ಲ. ಒಂದು ಕಡೆ ಹಸಿರಿದ್ದಲ್ಲಿ ಇನ್ನೊಂದು ಕಡೆ ಹಳದಿ ಮಚ್ಚೆ. ಗ್ರೀನಿಂಗ್ ಎಂಬ, ಕಿತ್ತಳೆ ಗಿಡಕ್ಕೆ ಬರುವ ಬ್ಯಾಕ್ಟೀರಿಯಾ ರೋಗದ ಅನುಮಾನ ಹುಟ್ಟುವುದು ಹೀಗೆ. ಖಾತ್ರಿಯಾಗಬೇಕಾದರೆ ಲ್ಯಾಬಿಗೆ ಕಳಿಸಬೇಕು.

ಇವತ್ತಿನ ವಿಷಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅದಕ್ಕೂ ಈ ಎಲೆಗೂ ಸಂಬಂಧ ಇದೆ, ಬರುತ್ತೇನೆ.

ವಿಶ್ವವಿದ್ಯಾಲಯ ಅಂದ ಕೂಡಲೇ ನಮಗೆ ನೆನಪಾಗುವುದು ಪ್ರಶ್ನೆಪತ್ರಿಕೆ, ಮಾರ್ಕ್ಸ್ ಕಾರ್ಡು. ಕಾಲೇಜು ಊರಲ್ಲಿ, ಯೂನಿವರ್ಸಿಟಿ ಇನ್ನೆಲ್ಲೋ. ಕ್ಯಾಲಿಫೋರ್ನಿಯಾದ್ದು ಹಾಗಲ್ಲ. ಹೆಸರು ಒಂದು, ಕ್ಯಾಂಪಸ್ ಹತ್ತು. ಹತ್ತಕ್ಕೂ ತನ್ನದೇ ಮೇಷ್ಟ್ರುಗಳು, ತನ್ನದೇ ಲ್ಯಾಬುಗಳು, ತನ್ನದೇ ಚಾನ್ಸಲರ್. ಮೇಲೆ ಒಬ್ಬ ಅಧ್ಯಕ್ಷರು, ಅವರ ಮೇಲೆ ರೀಜೆಂಟ್ಸ್ ಎಂಬ 26 ಜನರ ಮಂಡಳಿ. ವಿದ್ಯಾರ್ಥಿಗಳು ಹೆಚ್ಚುಕಡಿಮೆ 3 ಲಕ್ಷ. 2011ರ ಜನಗಣತಿ ಪ್ರಕಾರ ಇಡೀ ಕೊಡಗಿನಲ್ಲಿ ಇದ್ದದ್ದು ಐದೂವರೆ ಲಕ್ಷ ಜನ, ಲೆಕ್ಕ ಹಾಕಿ.

ಅದು ಶುರುವಾದದ್ದು 1868ರಲ್ಲಿ. ಅದಕ್ಕೆ ಆರು ವರ್ಷ ಮುಂಚೆ, 1862ರಲ್ಲಿ, ಅಬ್ರಹಾಂ ಲಿಂಕನ್ ಒಂದು ಕಾಯ್ದೆಗೆ ಸಹಿ ಹಾಕಿದ್ದರು. ಕೇಂದ್ರ ಸರ್ಕಾರ ರಾಜ್ಯಗಳಿಗೆ ಜಮೀನು ಕೊಡುತ್ತದೆ. ಅದನ್ನು ಮಾರಿದ ದುಡ್ಡಿನಲ್ಲಿ ವ್ಯವಸಾಯ, ಯಂತ್ರವಿದ್ಯೆ ಕಲಿಸುವ ಕಾಲೇಜು ಕಟ್ಟಬೇಕು. ಜಮೀನು ಎಲ್ಲಿಂದ ಬಂತು? ಅಲ್ಲಿನ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ಅದನ್ನು ಹೇಳದೆ ಬಿಟ್ಟರೆ ಅರ್ಧ ಕತೆಯಾಗುತ್ತದೆ. ವ್ಯವಸಾಯ ಕಲಿಸುವ ಇಂಥ ಕಾಲೇಜುಗಳ ಮಾದರಿಯಲ್ಲೇ, ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ನೆರವು ಪಡೆದು, 1964ರಲ್ಲಿ ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕಟ್ಟಿದರು. ಪೊನ್ನಂಪೇಟೆಯ ಅರಣ್ಯ ಕಾಲೇಜು ಹುಟ್ಟಿದ್ದು ಅದರ ಮಡಿಲಲ್ಲಿ. ಈಗ ಅದು ಶಿವಮೊಗ್ಗದ ವಿಶ್ವವಿದ್ಯಾಲಯಕ್ಕೆ ಸೇರಿದೆ.

ದೊಡ್ಡ ಹೆಸರುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬರ್ಕ್ಲಿ ಕ್ಯಾಂಪಸ್‌ನವರು ಕಂಡುಹಿಡಿದ ಎರಡು ಧಾತುಗಳಿಗೆ ಊರಿನ ಹೆಸರು, ರಾಜ್ಯದ ಹೆಸರು ಇಟ್ಟಿದ್ದಾರೆ: ಬರ್ಕೀಲಿಯಂ, ಕ್ಯಾಲಿಫೋರ್ನಿಯಂ. ಇಂಟರ್ನೆಟ್ಟಿನ ಅಜ್ಜ ಅನ್ನಬಹುದಾದ ಜಾಲದಲ್ಲಿ ಮೊದಲ ಸಂದೇಶ ಹೊರಟದ್ದು ಲಾಸ್ ಏಂಜಲೀಸ್ ಕ್ಯಾಂಪಸ್‌ನಿಂದ, 1969ರಲ್ಲಿ. 'ಲಾಗಿನ್' ಎಂದು ಟೈಪ್ ಮಾಡಹೊರಟರೆ ಎರಡೇ ಅಕ್ಷರ ಹೋಗಿ ಆ ಕಡೆಯ ಕಂಪ್ಯೂಟರ್ ಕೈಕೊಟ್ಟಿತು. ಮಳೆಗಾಲದಲ್ಲಿ ನಮ್ಮ ನೆಟ್‌ವರ್ಕ್ ಬೈಯುವಾಗ ಇದನ್ನು ನೆನಪಿಸಿಕೊಳ್ಳಿ.

ನನಗೆ ಜಾಸ್ತಿ ಇಷ್ಟವಾಗುವುದು ರಿವರ್‌ಸೈಡ್ ಕ್ಯಾಂಪಸ್. ಅಲ್ಲಿ ಮೊದಲು ಬಂದದ್ದು ಕಾಲೇಜಲ್ಲ, ಕಿತ್ತಳೆ. ಸುತ್ತಮುತ್ತ ಬರೀ ಕಿತ್ತಳೆ ತೋಟ. ಬೆಳೆಗಾರರಿಗೆ ಉತ್ತರ ಬೇಕಿತ್ತು, 1907ರಲ್ಲಿ ನಿಂಬೆ-ಕಿತ್ತಳೆಗೆಂದೇ ಒಂದು ಪ್ರಯೋಗ ಕೇಂದ್ರ ತೆರೆದರು. ಪಾಠ ಶುರುವಾದದ್ದು 1954ರಲ್ಲಿ, 47 ವರ್ಷ ಆದಮೇಲೆ. ಇವತ್ತಿಗೂ ಅಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ನಿಂಬೆ ಜಾತಿಯ ಗಿಡಗಳನ್ನು ಸಾಕಿದ್ದಾರೆ.

ಗ್ರೀನಿಂಗ್ ಹರಡುವುದು ಎಳ್ಳಿನಷ್ಟು ದೊಡ್ಡ ಒಂದು ಗಿಡದ ಹೇನಿನಿಂದ. ಚಿಗುರಿನ ರಸ ಹೀರುತ್ತದೆ, ಹೀರುತ್ತಾ ಬ್ಯಾಕ್ಟೀರಿಯಾ ಬಿಡುತ್ತದೆ. ಆ ಹೇನು ಕ್ಯಾಲಿಫೋರ್ನಿಯಾಕ್ಕೆ 2008ರಲ್ಲಿ ಬಂತು. ರೋಗ ಕಾಣಿಸಿದ್ದು 2012ರಲ್ಲಿ, ಅದೂ ತೋಟದಲ್ಲಲ್ಲ, ಯಾರದೋ ಮನೆಯ ಹಿತ್ತಲಿನ ಗಿಡದಲ್ಲಿ. ಅಷ್ಟರೊಳಗೆ ರಿವರ್‌ಸೈಡ್‌ನ ಮಾರ್ಕ್ ಹಾಡಲ್ ಎಂಬ ಕೀಟಶಾಸ್ತ್ರಜ್ಞರು ಪಾಕಿಸ್ತಾನದ ಪಂಜಾಬಿಗೆ ಹೋಗಿ ಈ ಹೇನಿನ ಮೈಯಲ್ಲೇ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಒಂದು ಪುಟ್ಟ ಕಣಜ ಹಿಡಿದು ತಂದಿದ್ದರು. ಪರೀಕ್ಷೆ ಮಾಡಿ 2011ರ ಕೊನೆಯಲ್ಲಿ ಬಿಟ್ಟರು. ರೋಗ ಪೂರ್ತಿ ನಿಂತಿಲ್ಲ. ಆದರೆ ರೋಗ ಮನೆ ಬಾಗಿಲಿಗೆ ಬರುವ ಮುಂಚೆಯೇ ಒಬ್ಬ ಮೇಷ್ಟ್ರು ಬೇರೆ ದೇಶಕ್ಕೆ ಹೋಗಿ ಹುಳ ಹುಡುಕುತ್ತಿದ್ದರು, ಅದಕ್ಕೆ ಸಂಬಳ ಕೊಡುವ ಸಂಸ್ಥೆ ಇತ್ತು. ಇದನ್ನೇ ನಾನು ವಿಶ್ವವಿದ್ಯಾಲಯ ಅನ್ನುವುದು.

ಹಾಗಂತ ಅವರು ಮಾಡಿದ್ದೆಲ್ಲ ಸರಿ ಅಂತಲ್ಲ. ಡೇವಿಸ್ ಕ್ಯಾಂಪಸ್ ಮೊದಲು ಯೂನಿವರ್ಸಿಟಿಯ ಕೃಷಿ ಫಾರಮ್ಮು. ಅಲ್ಲಿ ಟೊಮೆಟೊ ಕೊಯ್ಯುವ ಯಂತ್ರ ಮಾಡಿದರು. ಯಂತ್ರ ಹಿಡಿದರೆ ಹಣ್ಣು ಒಡೆಯುತ್ತಿತ್ತು, ಸರಿ, ಒಡೆಯದ ಗಟ್ಟಿ ಸಿಪ್ಪೆಯ ಟೊಮೆಟೊ ತಳಿಯನ್ನೇ ಮಾಡಿದರು! ಮೆಕ್ಸಿಕೋದಿಂದ ಆಳು ಬರುವ ವ್ಯವಸ್ಥೆ 1964ರ ಕೊನೆಗೆ ನಿಂತಿತು, ಯಂತ್ರ ಎಲ್ಲ ಕಡೆ ಬಂತು. ಟೊಮೆಟೊ ಬೆಳೆಗಾರರು ಸುಮಾರು 4,000 ಇದ್ದವರು ಹತ್ತು ವರ್ಷದಲ್ಲಿ ಸುಮಾರು 600ಕ್ಕೆ ಇಳಿದರು. ಅಷ್ಟು ದೊಡ್ಡ ಯಂತ್ರ ಕೊಳ್ಳುವ ತಾಕತ್ತು ಸಣ್ಣವರಿಗೆ ಎಲ್ಲಿತ್ತು? ಕೂಲಿಯವರ ಪರವಾಗಿ 1979ರಲ್ಲಿ ವಿಶ್ವವಿದ್ಯಾಲಯದ ಮೇಲೆ ಕೇಸು ಬಿತ್ತು. ಜನರ ದುಡ್ಡಿನ ಸಂಶೋಧನೆ ಯಾರಿಗೆ ಅನ್ನುವುದೇ ವಾದ. ಕಾಫಿ ಕೊಯ್ಲಿಗೆ ಆಳಿಲ್ಲ, ಅಸ್ಸಾಮಿನಿಂದ ಕರೆಸುತ್ತೇವೆ, ಯಂತ್ರ ಬರಲಿ ಅನ್ನುವವರು ಇಲ್ಲೂ ಇದ್ದಾರೆ. ನಾನೂ ಹೇಳಿದ್ದೇನೆ. ಐದು ಎಕರೆಯವನ ಇಳಿಜಾರಿನಲ್ಲಿ ಓಡುವ ಯಂತ್ರ ಯಾರು ಮಾಡಿಕೊಡುತ್ತಾರೆ ಅಂತ ಮಾತ್ರ ಕೇಳಿರಲಿಲ್ಲ.

ಅದೇ ಡೇವಿಸ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಮೇಷ್ಟ್ರುಗಳು ಕಾಫಿ ಮಾಡುವುದನ್ನೇ ಪಾಠ ಮಾಡಿದ್ದಾರೆ. ಹುರಿಯುವುದು, ಪುಡಿ ಮಾಡುವುದು, ಬಿಸಿನೀರು ಹಾಯಿಸುವುದು, ಎಲ್ಲ ಲೆಕ್ಕದ ಪ್ರಕಾರ. ಕೊನೆಗೊಂದು ಸ್ಪರ್ಧೆ: ಕಡಿಮೆ ವಿದ್ಯುತ್ತಿನಲ್ಲಿ ಯಾರ ಕಾಫಿ ಹೆಚ್ಚು ರುಚಿ? 2024ರಲ್ಲಿ ಕಾಫಿಗೆಂದೇ ಒಂದು ಕೇಂದ್ರವನ್ನೂ ತೆರೆದರು. ಸುತ್ತ ಒಂದು ಕಾಫಿ ತೋಟ ಇಲ್ಲ! ದೇಶದ ಕಾಫಿಯಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಬೆಳೆಯುವ ಕೊಡಗಿನವರಾದ ನಾವು ಮಾತ್ರ ಚಿಕೋರಿ ಬೆರೆಸಿ ಕುಡಿದು ಸುಮ್ನಿದ್ದೇವೆ.

ಕೊಡಗಿಗೂ 2023ರಲ್ಲಿ ಒಂದು ವಿಶ್ವವಿದ್ಯಾಲಯ ಬಂತು, ಚಿಕ್ಕ ಅಳುವಾರದಲ್ಲಿ. ಉಳಿಸಬೇಕಾ, ವಿಲೀನ ಮಾಡಬೇಕಾ ಅಂತ 2025ರಲ್ಲಿ ದೊಡ್ಡ ಚರ್ಚೆಯಾಯಿತು. ಕಟ್ಟಡ, ಹುದ್ದೆ, ಅನುದಾನ ಎಲ್ಲ ಮಾತಿಗೆ ಬಂತು. ಅಲ್ಲಿ ಏನನ್ನು ಹುಡುಕಬೇಕು ಅನ್ನುವ ಪ್ರಶ್ನೆ ನನ್ನ ಕಿವಿಗಂತೂ ಬೀಳಲಿಲ್ಲ. ಕ್ಯಾಲಿಫೋರ್ನಿಯಾದ ಹತ್ತನೇ ಕ್ಯಾಂಪಸ್ ಮರ್ಸೆಡ್. ಹೊಲಗದ್ದೆಗಳ ನಡುವೆ 2005ರಲ್ಲಿ, ದುಡ್ಡಿಲ್ಲ ಅಂತ ಒಂದು ವರ್ಷ ತಡವಾಗಿ, 875 ಮಕ್ಕಳಿಂದ ಶುರುವಾಯಿತು. ಈಗ ಅಲ್ಲಿ ಸುಮಾರು 9,000 ಜನ ಓದುತ್ತಿದ್ದಾರೆ.

ಪ್ರಶ್ನೆ ಇದ್ದರೆ ಕೇಳಿ, ಆಮೇಲೆ ಕಾಫಿ ಇದೆ. ಆ ಕವರ್ ಎಲ್ಲಿಗೆ ಬಂತು? ಹಿಂದಿನ ಸಾಲಿನ ಅಕ್ಕ, ಬ್ಯಾಗಿಗೆ ಹಾಕಿಕೊಳ್ಳಬೇಡಿ. ಎಲೆಯ ಅಡಿಯಲ್ಲಿ ಒಂದು ಹೇನು ಉಳಿದಿದ್ದರೂ ಸಾಕು, ನಿಮ್ಮ ಹಿತ್ತಲಿಗೆ ಹೋಗುತ್ತದೆ. ಇಲ್ಲಿ ಕೊಡಿ, ಸಂಜೆ ಬಚ್ಚಲ ಒಲೆಗೆ ಹಾಕುತ್ತೇನೆ.